ಹಸಿರೆಂದು ನಾನು ಹೇಳಿದ ಸಮುದ್ರ

ಕೊಡಿಯಾಲ್‌ಬೈಲ್

ಮಂಗಳೂರಿನವರು ಗಲ್ಫಿಗೆ ಹೋಗುವುದೆಂದರೆ ಒಂದೋ ಕೆಲಸಕ್ಕೆ, ಇಲ್ಲದಿದ್ದರೆ ಮಗಳ ಬಾಣಂತನಕ್ಕೆ. ನಾನು ಹೋದದ್ದು ಸಮುದ್ರದ ಬಣ್ಣ ನೋಡುವುದಕ್ಕೆ. ಹಾಗೆಂದು ಹೇಳಿದಾಗ ನಮ್ಮ ಕೆಳಗಿನ ಮನೆಯ ಲೀನಕ್ಕ ಲಿಫ್ಟಿನಲ್ಲೇ ನಕ್ಕುಬಿಟ್ಟರು.

“ಅಲ್ಲ ಶಶಿಕಲಾ ಟೀಚರೇ, ನಮ್ಮ ತಣ್ಣೀರುಬಾವಿ ಬೀಚಿನಲ್ಲಿ ಇಲ್ಲದ್ದು ಅಲ್ಲಿ ಎಂತ ಉಂಟು? ಅದೂ ಇದೇ ಸಮುದ್ರ ಅಲ್ವಾ? ಆಚೆ ದಡ, ಅಷ್ಟೆ!”

ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನಮ್ಮ ಕಡಲ ತೀರದಲ್ಲಿ ನಿಂತು ಪಡುವಣಕ್ಕೆ ಮುಖ ಮಾಡಿ, ಸ್ವಲ್ಪ ಬಲಕ್ಕೆ ತಿರುಗಿ ನೇರ ಹೋದರೆ ಸಿಗುವ ದಡವೇ ಒಮಾನ್. ಅಲ್ಲಿಗೆ ಕರೆ ಬಂದದ್ದು ನನಗಲ್ಲ, ನನ್ನ ಗಂಡನಿಗೆ. ಇವರು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವರು, ಹೆಸರು ಸದಾನಂದ. ಉಳಿದ ಹೊತ್ತೆಲ್ಲ ಉಪಗ್ರಹ ಕಳಿಸಿದ ಅಂಕಿಗಳ ಮುಂದೆ ಕುಳಿತಿರುತ್ತಾರೆ. ಸಮುದ್ರದ ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೇಲುಪಾಚಿಗಳಿವೆಯಂತೆ. ಪುಸ್ತಕದವರು ಸಸ್ಯಪ್ಲವಕ ಎನ್ನುತ್ತಾರೆ. ಅವು ಬಿಸಿಲಿನಲ್ಲಿರುವ ನೀಲಿ ಬೆಳಕನ್ನು ನುಂಗುತ್ತವೆ. ಪಾಚಿ ಹೆಚ್ಚಿದಲ್ಲಿ ನೀಲಿ ಕಡಿಮೆಯಾಗಿ ನೀರು ಹಸಿರಾಗುತ್ತದೆ. ಉಪಗ್ರಹ ಮೇಲಿನಿಂದ ಆ ಬಣ್ಣವನ್ನು ಅಳೆಯುತ್ತದೆ. ಯಾವ ತಿಂಗಳು ಯಾವ ಕರಾವಳಿಯಲ್ಲಿ ಪಾಚಿ ಏರಿತು, ಎಲ್ಲಿ ಇಳಿಯಿತು ಎಂದು ಇವರು ಲೆಕ್ಕ ಹಾಕುತ್ತಾರೆ. ಇಷ್ಟು ವರ್ಷ ಸಮುದ್ರದ ಬಣ್ಣದ ಮೇಲೆ ಕೆಲಸ ಮಾಡಿದ ಮನುಷ್ಯ ಒಂದು ದಿನವೂ ದೋಣಿ ಹತ್ತಿದವರಲ್ಲ. ಕಡಲ ತೀರಕ್ಕೆ ಹೋದರೂ ಚಪ್ಪಲಿ ಒದ್ದೆಯಾಗದಷ್ಟು ದೂರ ನಿಂತು ಚುರುಮುರಿ ತಿನ್ನುವ ಜಾತಿ.

ಆದರೆ ಒಮಾನಿನ ಕೆಲಸ ದೋಣಿಯದೇ. ಆಕಾಶದಿಂದ ಕಂಡ ಬಣ್ಣ ನಿಜವೇ ಎಂದು ತಿಳಿಯಲು, ಉಪಗ್ರಹ ತಲೆಯ ಮೇಲೆ ಹಾದುಹೋಗುವ ಹೊತ್ತಿಗೆ ಒಬ್ಬರು ನೀರಿನ ಮೇಲೆ ಕುಳಿತು ನೀರನ್ನು ತುಂಬಿಕೊಳ್ಳಬೇಕು, ಬಣ್ಣವನ್ನು ಕಣ್ಣಾರೆ ನೋಡಿ ಹೇಳಬೇಕು. ಅದಕ್ಕೆಂದು ಇವರ ವಿದ್ಯಾರ್ಥಿಯೊಬ್ಬ ಹೊರಟಿದ್ದ. ಅವನ ಪಾಸ್‌ಪೋರ್ಟ್ ಸಮಯಕ್ಕೆ ಸಿಗಲಿಲ್ಲ.

“ನೀನೇ ಬಾ ಮಾರಾಯ್ತಿ,” ಎಂದರು ಇವರು. “ಬಣ್ಣ ಹೇಳ್ಲಿಕ್ಕೆ ನಿನಗಿಂತ ಬೇರೆ ಯಾರು ಬೇಕು?”

ಇದನ್ನು ಮಾತ್ರ ಸರಿಯಾಗಿ ಹೇಳಿದರು. ನಾನು ಡ್ರಾಯಿಂಗ್ ಟೀಚರ್. ನಮ್ಮ ಮನೆಯಲ್ಲಿ ಬಣ್ಣದ ಖಾತೆ ಪೂರ್ತಿ ನನ್ನದು. ಹಂಪನಕಟ್ಟೆಯ ಮ್ಯಾಚಿಂಗ್ ಸೆಂಟರಿಗೆ ಸೀರೆ ಹಿಡಿದುಕೊಂಡು ಹೋಗುವಾಗ ಅರ್ಧ ಕೊಡಿಯಾಲ್‌ಬೈಲು ಬಡಾವಣೆಯೇ ನನ್ನನ್ನು ಕರೆದುಕೊಂಡು ಹೋಗುತ್ತದೆ. ಇವರಿಗೋ ಗೊತ್ತಿರುವುದು ಅಂಕಿ ಮಾತ್ರ. ಕಟ್ಟಿಕೊಂಡ ಹೆಂಡತಿಯ ಸೀರೆ ಯಾವ ಬಣ್ಣದ್ದೆಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. ಹಾಗಾಗಿ ನಾನು ಹೊರಟೆ. ಜಂಬದಿಂದಲೇ ಹೊರಟೆ ಎಂದು ಹೇಳುವುದಕ್ಕೆ ನನಗೇನೂ ಸಂಕೋಚವಿಲ್ಲ.

ಮಸ್ಕತ್

ಮಸ್ಕತ್ ನನಗೆ ಕನಸಿನಂತೆ ಕಂಡಿತು. ಬರೀ ಮಾತಿಗೆ ಹೇಳುತ್ತಿಲ್ಲ. ವಿಮಾನ ನಿಲ್ದಾಣದಿಂದ ಹೊರಬಿದ್ದ ಕೂಡಲೇ ಬೆಳಕು ಬೇರೆಯಾಗಿತ್ತು. ಹುಲ್ಲಿಲ್ಲದ, ಗಿಡವಿಲ್ಲದ ಬೋಳು ಗುಡ್ಡಗಳು. ಅವುಗಳ ಬುಡದಲ್ಲಿ ತಗ್ಗು ತಗ್ಗು ಮನೆಗಳು. ಮನೆಗಳೆಲ್ಲ ಈಗಷ್ಟೇ ಕಡೆದು ತೆಗೆದ ಬೆಣ್ಣೆಯ ಬಣ್ಣ. ಗಂಡಸರು ತೊಡುವ ಉದ್ದನೆಯ ನಿಲುವಂಗಿಯೂ ಅದೇ ಬಣ್ಣ. ಸಂಜೆ ರಸ್ತೆಯ ದೀಪ ಹತ್ತಿದಾಗ ಒಂದೊಂದು ದೀಪದ ಸುತ್ತಲೂ ಅರಸಿನ ಕಲಸಿದಂಥ ದೊಡ್ಡ ಬಳೆ. ಮರುಭೂಮಿಯ ಧೂಳು ಗಾಳಿಯಲ್ಲಿ ತೇಲುವುದರಿಂದ ಹೀಗೆ ಕಾಣುತ್ತದೆ ಎಂದು ನನಗೆ ನಾನೇ ವಿವರಣೆ ಕೊಟ್ಟುಕೊಂಡೆ. ಊರಿನಲ್ಲೂ ಕೆಲವು ಸಮಯದಿಂದ ದೀಪಗಳು ಸ್ವಲ್ಪ ಹೀಗೆಯೇ ಕಾಣುತ್ತಿದ್ದವು. ಅಲ್ಲಿ ಅದು ರಸ್ತೆ ಅಗೆದ ಧೂಳು ಎಂದುಕೊಂಡಿದ್ದೆ.

“ಎಷ್ಟು ಚಂದ ನೋಡಿ, ಇಡೀ ಊರಿಗೆ ಬೆಣ್ಣೆಯ ಬಣ್ಣ ಹೊಡೆದಿದ್ದಾರೆ,” ಎಂದೆ ಕಾರಿನಲ್ಲಿ.

ಇವರು ಮೊಬೈಲಿನಿಂದ ತಲೆಯೆತ್ತಿ ಕಿಟಕಿಯಾಚೆ ಒಮ್ಮೆ ನೋಡಿದರು. “ಬಿಳಿ ಅಲ್ವಾ ಅದು?”

“ನಿಮಗೆಂತ ಗೊತ್ತು!” ಎಂದೆ. ಅಲ್ಲಿಗೆ ಆ ಮಾತು ಮುಗಿಯಿತು.

ಅಲ್ಲಿ ಯಾರೂ ಹಾರ್ನ್ ಹಾಕುವುದಿಲ್ಲ. ಇಷ್ಟೊಂದು ಕಾರುಗಳು ಇಷ್ಟು ಮೌನವಾಗಿ ಹೋಗುವುದನ್ನು ನಾನು ನೋಡಿರಲಿಲ್ಲ. ನಮ್ಮ ಸಿಟಿ ಬಸ್ಸಿನ ಡ್ರೈವರೊಬ್ಬನನ್ನು ತಂದು ಇಲ್ಲಿ ಬಿಟ್ಟರೆ ಪಾಪ, ಒಂದೇ ದಿನದಲ್ಲಿ ಕಾಯಿಲೆ ಬೀಳುತ್ತಾನೆ. ಎರಡು ಜನ ಭೇಟಿಯಾದರೆ ಕ್ಷೇಮ ಸಮಾಚಾರವೇ ಮುಗಿಯುವುದಿಲ್ಲ: ನೀನು ಹೇಗೆ, ಮನೆ ಹೇಗೆ, ಮಕ್ಕಳು ಹೇಗೆ, ಸುದ್ದಿ ಏನು, ಮತ್ತೆ ಸುದ್ದಿ ಏನು. ಪೆಟ್ರೋಲ್ ಪಂಪಿನಲ್ಲಿ ನಮ್ಮ ಡ್ರೈವರ್ ಇನ್ನೊಬ್ಬನೊಡನೆ ಹೀಗೆ ಮಾತಾಡುತ್ತಿದ್ದಾಗ ನಾನು ಹಿಂದಿನ ಸೀಟಿನಲ್ಲಿ ಒಂದು ನಿದ್ದೆ ತೆಗೆದೆ.

ಕಡಲ ಬದಿಯ ಊರು

ನಮಗೆ ಉಳಿಯುವ ವ್ಯವಸ್ಥೆಯಾದದ್ದು ಮಸ್ಕತ್ತಿನಿಂದ ಕೆಳಗೆ, ಕಡಲಿಗೆ ತಾಗಿಕೊಂಡ ಸಣ್ಣ ಊರೊಂದರಲ್ಲಿ. ಹೋದ ಬೆಳಿಗ್ಗೆಯೇ ಒಂದು ಒಂಟೆ ಬೂತಾಯಿ ತಿನ್ನುವುದನ್ನು ಕಂಡೆ.

ಸತ್ಯವಾಗಿಯೂ. ಮರಳಿನ ಮೇಲೆ ಬೂತಾಯಿ ಮೀನು ಹರಡಿ ಒಣಗಿಸಿದ್ದರು. ಥೇಟ್ ನಮ್ಮದೇ ವಾಸನೆ. ಕಣ್ಣು ಮುಚ್ಚಿದರೆ ಮಂಗಳೂರಿನ ಮೀನಿನ ದಕ್ಕೆಯಲ್ಲಿ ನಿಂತ ಹಾಗೆ. ಆದರೆ ಒಣಗಿದ್ದನ್ನು ಗೋಣಿಯಲ್ಲಿ ತುಂಬಿ ಒಂಟೆಗೆ ಹಾಕುತ್ತಾರೆ. ಆ ಒಂಟೆ ಕತ್ತು ಚಾಚಿ, ಕಣ್ಣು ಅರೆಮುಚ್ಚಿ, ಕರುಮುರು ಎಂದು ಬೂತಾಯಿ ಜಗಿಯುತ್ತಿತ್ತು. ನನ್ನ ಅತ್ತೆ ಇದನ್ನು ನೋಡಿದ್ದರೆ “ಪುಳಿಮುಂಚಿ ಮಾಡುವ ಮೀನನ್ನು ಆ ಪ್ರಾಣಿಗೆ ಹಾಕ್ತಾರಲ್ಲ!” ಎಂದು ಅಲ್ಲೇ ಕುಳಿತು ಬೇಸರಪಡುತ್ತಿದ್ದರು.

ನಮ್ಮ ಜವಾಬ್ದಾರಿ ಹೊತ್ತಿದ್ದವಳು ಬದ್ರಿಯಾ. ಅಲ್ಲಿನ ಪ್ರಯೋಗಾಲಯದಲ್ಲಿ ನೀರು ಪರೀಕ್ಷೆ ಮಾಡುವ ಹುಡುಗಿ. ಇಂಗ್ಲಿಷ್ ಮಾತಾಡುತ್ತಾಳೆ, ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ. ನನ್ನನ್ನು ಮೊದಲ ಗಳಿಗೆಯಿಂದಲೇ ಖಾಲಾ ಎಂದಳು, ಅಂದರೆ ಚಿಕ್ಕಮ್ಮ. ಅವಳ ಮನೆಯಲ್ಲಿ ಅವಳ ತಾಯಿ ಒಂದು ಪುಟ್ಟ ಮಣ್ಣಿನ ಪಾತ್ರೆಯಲ್ಲಿ ಕೆಂಡದ ಮೇಲೆ ಧೂಪದ ಹರಳು ಹಾಕಿ, ನನ್ನ ಸೆರಗನ್ನು ಹಿಡಿದು ಹೊಗೆಯ ಮೇಲೆ ಹರಡಿದರು. ಊರಿನಲ್ಲಿ ಬಾಣಂತಿಯ ಕೂದಲಿಗೆ ಹೊಗೆ ಹಾಕುವುದು ನೆನಪಾಯಿತು. ಮಾತು ಬಾರದ ಇಬ್ಬರು ಹೆಂಗಸರು ಆ ಹೊಗೆಯಲ್ಲಿ ಸುಮ್ಮನೆ ನಗುತ್ತಾ ನಿಂತಿದ್ದೆವು. ಕಿಟಕಿಯಿಂದ ಬಿದ್ದ ಬೆಳಕಿನಲ್ಲಿ ಹೊಗೆಯೂ ಹೊಂಬಣ್ಣ, ಅವರ ಮುಖವೂ ಹೊಂಬಣ್ಣ. ನನಗೆ ಆ ಕ್ಷಣ ಅಲ್ಲಿಂದ ಕದಲುವುದೇ ಬೇಡವೆನಿಸಿತ್ತು.

ಆ ಊರಿನಲ್ಲಿ ಹೊಳೆಯಿಲ್ಲ, ಮಳೆಯಿಲ್ಲ. ಸಮುದ್ರದ ನೀರನ್ನೇ ಸೋಸಿ ಸಿಹಿ ಮಾಡಿ ನಲ್ಲಿಗೆ ಬಿಡುತ್ತಾರೆ. ಕಡಲಲ್ಲಿ ಪಾಚಿ ಹೆಚ್ಚಾದರೆ ಸೋಸುವ ಯಂತ್ರಕ್ಕೆ ಅದು ಮೆತ್ತಿಕೊಳ್ಳುತ್ತದೆ. ಆಗ ನೀರು ಎಳೆಯುವುದನ್ನು ತಗ್ಗಿಸಬೇಕು. ಪಾಚಿ ಬರುವ ಸುದ್ದಿ ಮೊದಲೇ ತಿಳಿದರೆ ಅವರಿಗೆ ಅನುಕೂಲ. ಇವರ ಉಪಗ್ರಹದ ಲೆಕ್ಕ ಅವರಿಗೆ ಬೇಕಾದದ್ದು ಅದಕ್ಕೇ.

ಆ ನೀರು ಸೋಸುವ ಸ್ಥಾವರದ ಪಾಳಿಯ ಮುಖ್ಯಸ್ಥ ಯಾರೆಂದುಕೊಂಡಿರಿ? ನಮ್ಮ ಸುರತ್ಕಲ್‌ನವ, ರೋಶನ್. ನಾವು ಬಂದದ್ದು ಗೊತ್ತಾಗಿ ರಾತ್ರಿ ಊಟಕ್ಕೆ ಹುಡುಕಿಕೊಂಡು ಬಂದ. ಬರುವಾಗ ಒಂದು ಡಬ್ಬಿ ತುಂಬ ಕೋಳಿ ಸುಕ್ಕ, ನೀರುದೋಸೆ.

“ನಾನೇ ಮಾಡಿದ್ದು ಟೀಚರ್. ಹೆಂಡತಿ ಊರಿಗೆ ಹೋಗಿದ್ದಾಳೆ. ಉಪ್ಪು ಜಾಸ್ತಿ ಆದ್ರೆ ಬಯ್ಬೇಡಿ,” ಎಂದ. ಇವರು ಉಪಗ್ರಹದ ಕತೆ ಶುರು ಮಾಡಿದಾಗ ಅವನು ಕೈ ಅಡ್ಡ ಹಿಡಿದ. “ಸರ್, ನಿಮ್ಮ ಮೆಷಿನ್ ಧೂಳು ಬಂದ್ರೆ ತಪ್ಪು ತೋರಿಸ್ತದೆ ಅಂತ ಕೇಳಿದ್ದೇನೆ. ಡ್ರಾಯಿಂಗ್ ಟೀಚರ್ ಕಣ್ಣಲ್ಲಿ ನೋಡಿ ಹೇಳಿದ್ರೆ ನನಗೆ ಅದೇ ಸಾಕು.”

ನಾನು ಗಂಡನ ಕಡೆ ಒಂದು ನೋಟ ಬೀರಿದೆ. ಅದರ ಅರ್ಥ ಮದುವೆಯಾದವರಿಗೆಲ್ಲ ಗೊತ್ತು.

ದೋಣಿ

ದೋಣಿ ನಡೆಸುವವನು ಖಮೀಸ್. ಅವನ ಹಿಂದಿ ನನ್ನ ಹಿಂದಿಗಿಂತ ಚೆನ್ನಾಗಿತ್ತು. ಬದ್ರಿಯಾ ದಡದ ಪ್ರಯೋಗಾಲಯದಲ್ಲೇ ಉಳಿದಳು; ನಾವು ತಂದ ನೀರನ್ನು ಸೋಸಿ ಪರೀಕ್ಷಿಸುವುದು ಅವಳ ಕೆಲಸ, ಅದರ ಫಲ ಮರುದಿನ ಸಂಜೆಗೆ.

ದಡ ಬಿಟ್ಟು ಸ್ವಲ್ಪ ಹೊತ್ತಿಗೇ ನಮ್ಮ ಭೌತಶಾಸ್ತ್ರಜ್ಞರು ಬಕೆಟ್ಟನ್ನು ಅಪ್ಪಿಕೊಂಡರು. ಎರಡು ಮೊಣಕಾಲಿನ ನಡುವೆ ಬಕೆಟ್, ಬಕೆಟ್ಟಿನೊಳಗೆ ಮುಖ. ನನಗೆ ಕನಿಕರವೂ ಬಂತು, ನಗುವೂ ಬಂತು. ಬೆನ್ನು ನೀವಿದೆ. “ಏನೂ ಆಗುವುದಿಲ್ಲ, ದೂರ ನೋಡಿ,” ಎಂದೆ. “ದೂರ ನೋಡಿದ್ರೆ ದೂರವೂ ಅಲ್ಲಾಡ್ತದೆ,” ಎಂದು ಬಕೆಟ್ಟಿನೊಳಗಿಂದ ಉತ್ತರ ಬಂತು.

ನಾನೋ, ಹುಟ್ಟಿದಾಗಿನಿಂದ ದೋಣಿಯಲ್ಲೇ ಇದ್ದವಳ ಹಾಗೆ ಕುಳಿತಿದ್ದೆ. ಗಾಳಿ ಹೆಚ್ಚಿರಲಿಲ್ಲ. ಹಿಂದೆ ಬೋಳು ಗುಡ್ಡಗಳು ತೆಳ್ಳಗಾಗುತ್ತಾ ಹೋದವು. ಬಿಸಿಲು ನೀರಿನ ಮೇಲೆ ಬಿದ್ದು ಹಬ್ಬಿ, ನನ್ನ ಕಣ್ಣಿನ ಮುಂದೆ ಒಂದು ತೆಳುವಾದ ಹೊಳಪಿನ ಪರದೆ ಇಳಿಬಿಟ್ಟಂತೆ ಇತ್ತು. ಆ ಪರದೆಯಾಚೆ ಸಮುದ್ರ ಹಸಿರಾಗಿತ್ತು. ಬಸಳೆಯ ಬಲಿತ ಎಲೆಯ ಹಸಿರು, ಅದಕ್ಕೆ ಸ್ವಲ್ಪ ಮಸಿ ಬೆರೆಸಿದ ಹಾಗೆ. ಒಂದೊಂದು ಸಲ ಅಲೆ ಮಗುಚುವಾಗ ಒಳಗಿನಿಂದ ಹಳದಿ ಮಿನುಗು. ನಾನೊಂದು ಚಿತ್ರದೊಳಗೆ ಕುಳಿತು ತೇಲುತ್ತಿದ್ದೇನೆ ಎಂಬ ಭಾವನೆ. ಇಲ್ಲಿಂದ ನೇರ ಹೋದರೆ ಮನೆ, ಇದೇ ನೀರು ಹೋಗಿ ನಮ್ಮೂರಿನ ಮರಳಿಗೆ ಮುಟ್ಟುತ್ತದೆ ಎಂದು ನೆನೆದಾಗ ಕಣ್ಣು ಹನಿಗೂಡಿತು. ಹೀಗೆಲ್ಲ ಆಗುವ ಹೆಂಗಸಲ್ಲ ನಾನು.

ಸ್ಥಾವರದವರು ನೀರು ಎಳೆದುಕೊಳ್ಳುವ ಜಾಗಕ್ಕೆ ಬಂದಾಗ ಖಮೀಸ್ ಎಂಜಿನ್ ನಿಲ್ಲಿಸಿದ. ಇವರು ಬಕೆಟ್ಟಿನಿಂದಲೇ ಕೈ ಎತ್ತಿ ಕೇಳಿದರು. “ಶಶಿ, ಎಂತ ಬಣ್ಣ?”

“ಹಸಿರು. ಒಳ್ಳೇ ಗಟ್ಟಿ ಹಸಿರು.”

“ಗ್ಯಾರಂಟಿಯಾ?”

“ಅಲ್ಲ, ನನ್ನನ್ನು ಕೇಳ್ತೀರಾ ಗ್ಯಾರಂಟಿ ಅಂತ?”

ಮತ್ತೆ ಕೇಳಲಿಲ್ಲ. ನಮ್ಮ ಮಾತು ತುಳುವಿನಲ್ಲಿ ನಡೆದದ್ದರಿಂದ ಖಮೀಸಿಗೆ ಏನೂ ತಿಳಿಯಲಿಲ್ಲ. ಅವನು ಲಿಂಬೆ ಚೀಪುತ್ತಾ, ನನ್ನ ಗಂಡನತ್ತ ಒಂದು ಹೋಳು ಚಾಚಿ, ಬಾಟಲಿಗೆ ನೀರು ತುಂಬುತ್ತಿದ್ದ.

ನಲ್ಲಿ

ಸಂಜೆ ಬದ್ರಿಯಾ ಕಂಪ್ಯೂಟರಿನಲ್ಲಿ ಆ ದಿನದ ಉಪಗ್ರಹದ ಚಿತ್ರ ತೆರೆದಳು. ಅದರ ಪ್ರಕಾರ ಅಲ್ಲಿ ಪಾಚಿ ಅತಿ ಕಡಿಮೆ, ಸಮುದ್ರ ಸ್ವಚ್ಛ.

“ಹಾಗಾದರೆ ನಿಮ್ಮ ಉಪಗ್ರಹಕ್ಕೆ ಕನ್ನಡಕ ಬೇಕು,” ಎಂದೆ ನಾನು.

ಇವರು ಗಲ್ಲ ಕೆರೆದುಕೊಂಡು ಕುಳಿತರು. ಗಾಳಿಯಲ್ಲಿ ಧೂಳಿದ್ದರೆ ಉಪಗ್ರಹದ ಲೆಕ್ಕ ಏರುಪೇರಾಗುವುದುಂಟು. ಆ ದಿನ ಸ್ವಲ್ಪ ಧೂಳಿತ್ತು ಎನ್ನುವುದೂ ನಿಜ. ಪ್ರಯೋಗಾಲಯದ ಫಲ ಬರುವುದು ಮರುದಿನ. “ನಾಳೆಯವರೆಗೆ ಕಾಯೋಣವೇ?” ಎಂದಳು ಬದ್ರಿಯಾ. ಕಾಯಬಹುದಿತ್ತು. ಆದರೆ ಪಾಚಿ ನಿಜವಾಗಿದ್ದರೆ ರಾತ್ರಿಯೊಳಗೆ ಯಂತ್ರಕ್ಕೆ ಮೆತ್ತಿಕೊಳ್ಳುತ್ತದೆ. ಆ ಮೇಲೆ ಇಡೀ ಊರಿಗೆ ಎಷ್ಟೋ ದಿನ ನೀರಿಲ್ಲ.

ಇವರು ನನ್ನ ಮುಖ ನೋಡಿದರು. ಎಷ್ಟೋ ವರ್ಷದಿಂದ ಹಗಲು ರಾತ್ರಿ ನಂಬಿಕೊಂಡು ಬಂದ ಅಂಕಿ ಒಂದು ಕಡೆ, ನಾನು ಇನ್ನೊಂದು ಕಡೆ. “ನನ್ನ ಹೆಂಡತಿ ಕಣ್ಣಾರೆ ನೋಡಿದ್ದಾಳೆ,” ಎಂದು ಇಂಗ್ಲಿಷಿನಲ್ಲಿ ಬದ್ರಿಯಾಳಿಗೆ ಹೇಳಿ, ರೋಶನ್‌ಗೆ ಫೋನ್ ಮಾಡಿದರು. ಆ ಗಳಿಗೆಯಲ್ಲಿ ನನಗಾದ ಸಂತೋಷ ಮದುವೆಯ ದಿನವೂ ಆಗಿರಲಿಲ್ಲ.

“ಟೀಚರೇ ನೋಡಿದ ಮೇಲೆ ಮುಗೀತು ಸರ್,” ಎಂದ ರೋಶನ್. ಮೇಲಿನವರನ್ನು ಒಪ್ಪಿಸಿ ಆ ರಾತ್ರಿಯೇ ನೀರು ಎಳೆಯುವುದನ್ನು ಅರ್ಧಕ್ಕೆ ಇಳಿಸಿದ.

ಬೆಳಿಗ್ಗೆ ನಮ್ಮ ನಲ್ಲಿಯಲ್ಲಿ ನೂಲಿನಷ್ಟು ನೀರು. ಬೀದಿಯಲ್ಲಿ ಹೆಂಗಸರು ಕ್ಯಾನ್ ಹಿಡಿದು ಅಂಗಡಿಗೆ ಹೋಗುತ್ತಿದ್ದರು. ಬದ್ರಿಯಾಳ ಮನೆಯಲ್ಲಿ ನೆಂಟರು ಬಂದಿದ್ದರಂತೆ, ಸ್ನಾನವಿಲ್ಲದೆ ಕುಳಿತಿದ್ದರಂತೆ. ಅವಳದನ್ನು ನಗುತ್ತಲೇ ಹೇಳಿದಳು. ನಾನು ಮನಸ್ಸಿನಲ್ಲೇ, ಒಂದು ದಿನದ ಕಷ್ಟದಿಂದ ಊರು ಉಳಿಯಿತಲ್ಲ ಎಂದುಕೊಂಡೆ.

ಮೂರನೆಯ ಕೊಳವೆ

ಆ ದಿನ ಬದ್ರಿಯಾ ತಾನೂ ದೋಣಿಗೆ ಬಂದಳು. ಕೈಯಲ್ಲಿ ಒಂದು ಮರದ ಪೆಟ್ಟಿಗೆ. ಅಷ್ಟು ದಿನ ಅದು ಬೇರೆ ತಂಡದ ದೋಣಿಯಲ್ಲಿತ್ತಂತೆ. ತೆರೆದರೆ ಒಳಗೆ ಸಾಲಾಗಿ ಬೆರಳು ಗಾತ್ರದ ಗಾಜಿನ ಕೊಳವೆಗಳು, ಒಂದೊಂದರಲ್ಲಿ ಒಂದೊಂದು ಬಣ್ಣದ ನೀರು, ಕೆಳಗೆ ಸಂಖ್ಯೆ. ಉಪಗ್ರಹ ಬರುವುದಕ್ಕಿಂತ ಬಹಳ ಹಿಂದೆ ನಾವಿಕರು ಸಮುದ್ರದ ಬಣ್ಣ ಅಳೆಯುತ್ತಿದ್ದದ್ದು ಹೀಗೆಯೇ ಎಂದಳು. ಒಂದು ಬಿಳಿ ತಟ್ಟೆಯನ್ನು ಹಗ್ಗ ಕಟ್ಟಿ ನೀರಿಗಿಳಿಸಬೇಕು, ಅದರ ಮೇಲಿನ ನೀರಿನ ಬಣ್ಣಕ್ಕೆ ಯಾವ ಕೊಳವೆ ಹೊಂದುತ್ತದೋ ಆ ಸಂಖ್ಯೆ ಹೇಳಬೇಕು. ಬಣ್ಣದ ಹೆಸರು ಹೇಳಬೇಕಾಗಿಲ್ಲ.

ಮ್ಯಾಚಿಂಗ್! ಇದು ನನ್ನದೇ ವಿದ್ಯೆ. ನಾನು ಮುಂದೆ ಬಾಗಿ, ಒಂದೊಂದೇ ಕೊಳವೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದೆ. “ಮೂರು,” ಎಂದೆ.

ಬದ್ರಿಯಾ ತಾನೂ ನೋಡಿದಳು. “ನನಗೂ ಮೂರು. ಖಾಲಾ, ಸರಿಯಾಗಿ ಹೇಳಿದಿರಿ. ಹಾಗಾದರೆ ಪಾಚಿ ಇಲ್ಲ, ಒಳ್ಳೆಯ ನೀಲಿ ನೀರು.”

“ನೀಲಿ ಎಲ್ಲಿಂದ ಬಂತು? ಮೂರು ಹಸಿರಲ್ಲವೇ?” ಎಂದೆ.

ಅವಳು ನಕ್ಕಳು, ನಾನು ತಮಾಷೆ ಮಾಡುತ್ತಿದ್ದೇನೆ ಎಂದು. ನಾನು ನಗಲಿಲ್ಲ. ಅವಳು ಆ ಕೊಳವೆಯನ್ನು ಬಿಸಿಲಿಗೆ ಎತ್ತಿ ನನ್ನ ಕಣ್ಣ ಮುಂದೆ ಹಿಡಿದಳು. ಬಸಳೆ ಹಸಿರು. ಸ್ವಲ್ಪ ಮಸಿ ಬೆರೆಸಿದ ಹಾಗೆ. ಸಮುದ್ರವೂ ಅದೇ, ಕೊಳವೆಯೂ ಅದೇ. ನನ್ನ ಮ್ಯಾಚಿಂಗ್ ಸರಿಯಾಗಿಯೇ ಇತ್ತು.

“ಖಮೀಸ್ ಭಾಯ್, ಯೇ ಕೌನ್‌ಸಾ ರಂಗ್?” ಎಂದು ಕೇಳಿದೆ. ಅವನು ನನ್ನನ್ನೂ ಕೊಳವೆಯನ್ನೂ ಒಮ್ಮೆ ನೋಡಿ, “ನೀಲಾ,” ಎಂದ.

ಆಗ ಇವರು ಬಕೆಟ್ ಪಕ್ಕಕ್ಕಿಟ್ಟು, ದೋಣಿಯ ಅಂಚು ಹಿಡಿದು, ನಡುಗುತ್ತಾ ಎದ್ದು ನಿಂತರು. ಸಮುದ್ರವನ್ನು ನೋಡಿದರು. ತುಂಬ ಹೊತ್ತು ನೋಡಿದರು. ಆಮೇಲೆ ನನ್ನ ಹತ್ತಿರ ಕುಳಿತು ಮೆಲ್ಲಗೆ ಹೇಳಿದರು. “ಶಶಿ, ಅದು ನೀಲಿ.”

ಬದ್ರಿಯಾ ತನ್ನ ತಲೆವಸ್ತ್ರದ ತುದಿ ಹಿಡಿದು “ಇದು?” ಎಂದಳು. ಕಪ್ಪು ಎಂದೆ. ಕಡುನೀಲಿ ಎಂದಳು. ದಡದ ಕಡೆ ಕೈ ತೋರಿಸಿ ನಾನೇ ಕೇಳಿದೆ, “ಆ ಮನೆಗಳು?” ಬಿಳಿ, ಎಂದರು ಇವರು. ಗಂಡಸರ ನಿಲುವಂಗಿಗಳು? ಬಿಳಿ. ರಸ್ತೆಯ ದೀಪದ ಸುತ್ತ ಬಳೆ ಇದೆಯಲ್ಲ? ಇಬ್ಬರೂ ಮುಖ ಮುಖ ನೋಡಿಕೊಂಡರು.

ಕಣ್ಣಿನ ಪೊರೆ. ಬದ್ರಿಯಾಳ ಅಜ್ಜಿಗೆ ಬಂದಿತ್ತಂತೆ. ಆಕೆಯೂ ನೀಲಿಯನ್ನು ಹಸಿರು ಎನ್ನುತ್ತಿದ್ದಳಂತೆ. ಪಾಚಿ ನೀಲಿ ಬೆಳಕನ್ನು ನುಂಗುತ್ತದೆ ಎಂದು ಇವರು ನನಗೆ ಎಷ್ಟು ಸಲ ಹೇಳಿದ್ದರೋ! ನನ್ನ ಕಣ್ಣೊಳಗೆ ಹಳದಿಗಟ್ಟಿದ ಪೊರೆಯೂ ಅದೇ ಕೆಲಸ ಮಾಡುತ್ತಿತ್ತು. ಕಡಲಲ್ಲಿ ಇಲ್ಲದ ಪಾಚಿ ನನ್ನ ಕಣ್ಣಲ್ಲಿತ್ತು.

ದಡಕ್ಕೆ ಬರುವವರೆಗೂ ನನಗೆ ಶಾಲೆಯ ಮಕ್ಕಳದೇ ನೆನಪು. ಕಳೆದ ವರ್ಷವಿಡೀ ಮಕ್ಕಳ ಚಿತ್ರ ನೋಡಿ “ಆಕಾಶಕ್ಕೆ ನೀಲಿ ಸಾಲದು, ಇನ್ನೂ ಹಾಕು,” ಎನ್ನುತ್ತಿದ್ದೆ. ಪಾಪದ ಮಕ್ಕಳು, ಹಾಕುತ್ತಿದ್ದವು. ಬಣ್ಣ ಗೊತ್ತಿಲ್ಲದ ಶಶಿಕಲಾ ಟೀಚರ್ ಎಂದರೆ ಇನ್ನು ಯಾರು? ಇನ್ನು ನನ್ನಲ್ಲಿ ಉಳಿದದ್ದು ಏನು? ನನಗೆ ಹೆದರಿಕೆಯಾಯಿತು, ನಾಚಿಕೆ ಅದಕ್ಕಿಂತ ಹೆಚ್ಚಾಯಿತು.

ಮಾಳಿಗೆ

ರೋಶನ್‌ಗೆ ತಾನೇ ಹೇಳುತ್ತೇನೆ ಎಂದು ಇವರು ಫೋನ್ ತೆಗೆದರು. “ಲೆಕ್ಕದಲ್ಲಿ ತಪ್ಪಾಯ್ತು ಅಂತ ಹೇಳಿದ್ರೆ ಮುಗೀತು, ನಿನ್ನ ಹೆಸರು ಯಾಕೆ?”

“ನೋಡಿದ್ದು ಯಾರು?” ಎಂದು ಫೋನ್ ಕಿತ್ತುಕೊಂಡೆ.

ರೋಶನ್‌ಗೆ ಎಲ್ಲವನ್ನೂ ಹೇಳಿದೆ. ಸಮುದ್ರ ನೀಲಿ ಉಂಟು, ಹಸಿರು ಅಂದದ್ದು ನಾನು, ನನ್ನ ಕಣ್ಣಿಗೆ ಪೊರೆ ಬಂದಿದೆ, ನನ್ನಿಂದ ಒಂದೂರಿಗೆ ನೀರಿಲ್ಲದ ಹಾಗಾಯಿತು. ಯಂತ್ರದಲ್ಲಿ ಪಾಚಿಯೇ ಇಲ್ಲವೆಂದು ಅವನ ಮೇಲಿನವರು ಅವನಿಗೆ ಬೆಳಿಗ್ಗೆಯೇ ಸಾಕಷ್ಟು ಬೈದಿದ್ದರಂತೆ. ಅವನು ಅದನ್ನು ಮುಚ್ಚಿಡಲೂ ಇಲ್ಲ.

“ಬೈದದ್ದು ಬೈದಾಯ್ತು ಟೀಚರ್. ನೀರು ಈಗಲೇ ಬಿಡಿಸ್ತೇನೆ,” ಎಂದ. ಆಮೇಲೆ, “ನೀವು ಊರಿಗೆ ಹೋಗಿ ಮೊದಲು ಆಪರೇಶನ್ ಮಾಡಿಸಿ. ನನ್ನ ಮಮ್ಮಿ ಹೆದರಿ ಹೆದರಿ ಮುಂದೆ ಹಾಕಿದ್ರು. ಒಂದು ದಿನ ಮೆಟ್ಟಿಲು ಕಾಣದೆ ಬಿದ್ರು. ಇವತ್ತಿಗೂ ಕೋಲು ಹಿಡಿದೇ ನಡೆಯುವುದು.”

ಸಂಜೆ ನಾವು ಉಳಿದಿದ್ದ ಮನೆಯ ಮಾಳಿಗೆಯಲ್ಲಿ ಕುಳಿತೆವು. ಸೂರ್ಯ ಗುಡ್ಡದ ಹಿಂದೆ ಇಳಿದು, ಕಡಲ ಕಡೆಯಿಂದ ಚಂದ್ರ ಏರುತ್ತಿದ್ದ. ಕೆಳಗಿನ ಊರು ಇನ್ನೂ ನನಗೆ ಬೆಣ್ಣೆಯ ಬಣ್ಣವೇ. ಈಗ ಅದು ನಿಜವಲ್ಲವೆಂದು ಗೊತ್ತಿದ್ದೂ ಅಷ್ಟೇ ಚಂದ ಕಾಣುತ್ತಿತ್ತು. ಅದೇ ನನಗೆ ದೊಡ್ಡ ಸಂಕಟವಾಗಿತ್ತು. ಆಪರೇಶನ್ ಆದರೆ ಇದೆಲ್ಲ ಹೋಗುತ್ತದೆ. ಮಾಡಿಸದಿದ್ದರೆ ಕಣ್ಣೇ ಹೋಗುತ್ತದೆ.

ಇವರಿಗೆ ಸಮಾಧಾನ ಹೇಳಲು ಬರುವುದಿಲ್ಲ. ಹಾಗಾಗಿ ಉಪಗ್ರಹದ ಕತೆ ಹೇಳಿದರು. “ಮೇಲೆ ಹೋದ ಉಪಗ್ರಹಕ್ಕೂ ವಯಸ್ಸಾಗ್ತದೆ ಶಶಿ. ಕಣ್ಣು ಮಂಕಾಗ್ತದೆ. ಅದಕ್ಕೇ ಗೊತ್ತಾಗುವುದಿಲ್ಲ. ಹಾಗಾಗಿ ತಿಂಗಳಿಗೊಮ್ಮೆ ಅದನ್ನು ಚಂದ್ರನ ಕಡೆಗೆ ತಿರುಗಿಸ್ತಾರೆ. ಚಂದ್ರನ ಮೈ ಬದಲಾಗುವುದಿಲ್ಲ ಅಲ್ವಾ? ಹೋದ ತಿಂಗಳಿಗಿಂತ ಮಂಕಾಗಿ ಕಂಡ್ರೆ ತಪ್ಪು ಚಂದ್ರನದ್ದಲ್ಲ, ಕಣ್ಣಿನದ್ದು. ಎಷ್ಟು ಮಂಕಾಗಿದೆ ಅಂತ ಗೊತ್ತಾದ್ರೆ ಸರಿ ಮಾಡಿಕೊಳ್ಳಬಹುದು. ಅದಕ್ಕಾಗಿ ಯಾರೂ ಉಪಗ್ರಹವನ್ನು ಬಿಸಾಡುವುದಿಲ್ಲ.”

ನಾನು ಚಂದ್ರನನ್ನು ನೋಡಿದೆ. ಬಹಳ ಹೊತ್ತು ನೋಡಿ ಕೇಳಿದೆ. “ನಿಮಗೆ ಎಷ್ಟು ಚಂದ್ರ ಕಾಣ್ತಾನೆ?”

“ಎಂತ ಪ್ರಶ್ನೆ? ಒಂದು.”

“ನನಗೆ ಮೂರು. ಒಂದರ ಮೇಲೊಂದು, ದಾಸವಾಳದ ಎಸಳಿನ ಹಾಗೆ.”

ಇವರು ಎದ್ದು ಬಂದು ನನ್ನ ಮುಂದೆ ನಿಂತರು. “ಎಷ್ಟು ಸಮಯದಿಂದ?”

“ಎರಡು ವರ್ಷ ಆಗಿರಬಹುದು.”

“ನನಗೆ ಯಾಕೆ ಹೇಳಲಿಲ್ಲ?”

“ಎಲ್ಲರಿಗೂ ಹಾಗೆಯೇ ಕಾಣುವುದು ಅಂತ ತಿಳ್ಕೊಂಡಿದ್ದೆ.”

ಇವರಿಗೆ ಅಳು ಬಂತು. ಇಷ್ಟು ವರ್ಷದಲ್ಲಿ ನಾನದನ್ನು ನೋಡಿದ್ದು ಇದೇ ಮೊದಲು. ನನಗೂ ಬಂತು. ಕೆಳಗೆ ಯಾವುದೋ ಮನೆಯಲ್ಲಿ ನಲ್ಲಿಗೆ ಒಮ್ಮೆಲೇ ಜೋರಾಗಿ ನೀರು ಬಂದು, ಒಂದು ಹೆಂಗಸು ಸಂತೋಷದಿಂದ ಏನೋ ಕೂಗಿದಳು.

ತಣ್ಣೀರುಬಾವಿ

ಊರಿಗೆ ಬಂದು ಮೊದಲು ಬಲಗಣ್ಣು, ಆಮೇಲೆ ಎಡಗಣ್ಣು ಮಾಡಿಸಿಕೊಂಡೆ. ಪಟ್ಟಿ ತೆಗೆದ ದಿನ ಆಸ್ಪತ್ರೆಯ ಗೋಡೆಯ ಬಿಳುಪು ಕಂಡೇ ಬೆಚ್ಚಿದೆ. ಮನೆಗೆ ಬಂದರೆ ನನ್ನ ಕಪ್ಪು ಸೀರೆಗಳಲ್ಲಿ ಅರ್ಧ ನೀಲಿ. ಮ್ಯಾಚಿಂಗ್ ಸೆಂಟರಿನ ಕಾಮತರು ತಮಗೆ ಮೊದಲೇ ಸಂಶಯವಿತ್ತೆಂದೂ, ಟೀಚರಿಗೆ ಎದುರು ಹೇಳುವ ಧೈರ್ಯವಾಗಲಿಲ್ಲವೆಂದೂ ಈಗ ಹೇಳುತ್ತಾರೆ. ಮಸ್ಕತ್ತಿನ ಫೋಟೋ ತೆಗೆದು ನೋಡಿದೆ. ಮನೆಗಳು ಬಿಳಿ, ಹಾಲಿನಂಥ ಬಿಳಿ. ಅದೂ ಚಂದವೇ. ಆದರೆ ನಾನು ಹೋಗಿಬಂದ ಊರು ಅದಲ್ಲ ಅನ್ನಿಸಿತು. ನಾನು ಹೋಗಿಬಂದ ಊರಿನ ಫೋಟೋ ಯಾರ ಹತ್ತಿರವೂ ಇಲ್ಲ.

ಮಳೆಗಾಲ ಮುಗಿಯುತ್ತಾ ಬಂದಾಗ ಇವರಿಗೆ ಪ್ರತಿವರ್ಷದ ತಲೆನೋವು ಶುರುವಾಯಿತು. ನಮ್ಮ ಕರಾವಳಿಯಲ್ಲಿ ಪಾಚಿ ಏಳುವುದು ಹೆಚ್ಚಾಗಿ ಆ ಹೊತ್ತಿಗೇ, ಮೋಡ ಮುಚ್ಚಿ ಉಪಗ್ರಹಕ್ಕೆ ಏನೂ ಕಾಣದಿರುವುದೂ ಆ ಹೊತ್ತಿಗೇ. ದಿನವೂ ಚಿತ್ರ ತೆರೆದರೆ ಮಂಗಳೂರಿನ ಮೇಲೆ ಬರೀ ಮೋಡ. ಒಂದು ಶನಿವಾರ ನಾನು ಮಕ್ಕಳನ್ನು ಚಿತ್ರ ಬರೆಸಲು ತಣ್ಣೀರುಬಾವಿಗೆ ಕರೆದುಕೊಂಡು ಹೋಗಿದ್ದೆ. ಮಳೆ ಬಿಟ್ಟಿತ್ತು, ಮೋಡ ಬಿಟ್ಟಿರಲಿಲ್ಲ. ನೀರಿನ ಅಂಚಿಗೆ ಹೋದವಳು ಅಲ್ಲೇ ನಿಂತುಬಿಟ್ಟೆ. ಬಲಗಣ್ಣು ಮುಚ್ಚಿ ನೋಡಿದೆ, ಎಡಗಣ್ಣು ಮುಚ್ಚಿ ನೋಡಿದೆ. ನೊರೆಯನ್ನು ಬೊಗಸೆಯಲ್ಲಿ ಎತ್ತಿಕೊಂಡೆ. ಆಮೇಲೆ ಇವರಿಗೆ ಫೋನ್ ಮಾಡಿದೆ.

“ಸಮುದ್ರ ಹಸಿರು ಉಂಟು,” ಎಂದೆ.

ಆ ಕಡೆ ಪುಸ್ತಕದ ಹಾಳೆ ಮಗುಚಿದ ಸದ್ದು ಕೇಳಿತು. ಕೊಡಿಯಾಲ್‌ಬೈಲಿನಿಂದ ಇಲ್ಲಿಗೆ ಬರಲು ಎಷ್ಟು ಹೊತ್ತು ಬೇಕು? ಬೇಕಾದರೆ ಅವರೇ ಬಂದು ನೋಡಬಹುದು, ಬರುವುದೇ ನ್ಯಾಯ.

“ಬಂದು ನೋಡ್ತೀರಾ?” ಎಂದೆ.

“ಬೇಡ,” ಎಂದರು ಇವರು. “ಹಸಿರು ಅಂತ ಬರೆದೆ.”